ಕೈನಿಕ್ ಆಮ್ಲ: ವಸ್ತು ಮತ್ತು ಹೆಸರಿನ ಚರಿತ್ರೆ

ಮನುಷ್ಯನ ಮಿದುಳಿನ ನರಕೋಶಗಳ ಮೇಲ್ಮೈಯಲ್ಲಿರುವ ಒಂದು ವರ್ಗದ ಪ್ರೋಟೀನುಗಳಿಗೆ ನರವಿಜ್ಞಾನವು 'ಕೈನೇಟ್ ಗ್ರಾಹಿಗಳು' ಎಂದು ಹೆಸರಿಟ್ಟಿದೆ. ಅಪಸ್ಮಾರವನ್ನು ಕುರಿತ ಸಂಶೋಧನೆಯಲ್ಲಿ ಈ ಹೆಸರು ಮತ್ತೆ ಮತ್ತೆ ಬರುತ್ತದೆ. ವಿಚಿತ್ರವೆಂದರೆ, ಕೈನೇಟ್ ಎಂಬ ವಸ್ತುವನ್ನು ಮನುಷ್ಯನ ಶರೀರವು ತಯಾರಿಸುವುದೇ ಇಲ್ಲ. ಅದು ಬೆಚ್ಚನೆಯ ಕಡಲುಗಳಲ್ಲಿ ಬಂಡೆಗಳಿಗೆ ಅಂಟಿಕೊಂಡು ಬೆಳೆಯುವ ಒಂದು ಕೆಂಪು ಪಾಚಿಯ ಸತ್ತ್ವ. ಆ ಪಾಚಿಯ ಕಷಾಯವನ್ನು ಜಪಾನಿನ ಜನರು ತಲೆಮಾರುಗಳಿಂದ ಜಂತುಹುಳುವಿನ ಮದ್ದಾಗಿ ಕುಡಿಯುತ್ತ ಬಂದಿದ್ದರು. ಹೊಟ್ಟೆಯ ಹುಳುವಿನ ಮದ್ದೊಂದು ಮಿದುಳಿನ ಒಂದು ಅಂಶಕ್ಕೆ ಹೆಸರಾಗಿ ನಿಂತದ್ದು ಹೇಗೆ ಎಂಬುದು ರಸಾಯನ ವಿಜ್ಞಾನದ ಚರಿತ್ರೆಗೆ ಎಷ್ಟು ಸಂಬಂಧಿಸಿದ್ದೋ ಪದಗಳ ಚರಿತ್ರೆಗೂ ಅಷ್ಟೇ ಸಂಬಂಧಿಸಿದ್ದು. ಪಾರಿಭಾಷಿಕ ಪದಗಳನ್ನು ಕನ್ನಡಕ್ಕೆ ತರುವಾಗ ಯಾವುದನ್ನು ಅನುವಾದಿಸಬೇಕು, ಯಾವುದನ್ನು ಇದ್ದಂತೆಯೇ ಇಟ್ಟುಕೊಳ್ಳಬೇಕು ಎಂಬ ಹಳೆಯ ಪ್ರಶ್ನೆಗೂ ಈ ಒಂದು ಪದ ಸ್ವಲ್ಪ ಬೆಳಕು ಚೆಲ್ಲಬಲ್ಲದು.

ಮೊದಲು ಪಾಚಿಯ ಮಾತು. ಸಮುದ್ರದ ಸಸ್ಯರೂಪದ ಈ ಜೀವಿಗಳನ್ನು ಕನ್ನಡದ ವಿಜ್ಞಾನ ಬರಹಗಳಲ್ಲಿ 'ಕಡಲಕಳೆ' ಎಂದು ಕರೆಯುವುದು ರೂಢಿಗೆ ಬಂದಿದೆ. ಇದು ಇಂಗ್ಲಿಷ್ ಪದದ ನೇರ ಅನುವಾದ. ಗದ್ದೆಯಲ್ಲಿ ಬೇಡವಾಗಿ ಬೆಳೆಯುವುದನ್ನು ಕಳೆ ಎನ್ನುವ ರೈತನ ಮಾತಿಗೆ ಕಡಲಿನಲ್ಲಿ ಅರ್ಥವಿಲ್ಲ. ಅಲ್ಲಿ ಬಿತ್ತಿದವರೂ ಇಲ್ಲ, ಬೇಡವೆಂದವರೂ ಇಲ್ಲ. ಕೆರೆಕಟ್ಟೆಗಳ ಅನುಭವದಿಂದ ಬಂದ 'ಪಾಚಿ' ಎಂಬ ಪದವೇ ಇದಕ್ಕಿಂತ ಹತ್ತಿರವಾದುದು. ಸಂಸ್ಕೃತದ 'ಶೈವಲ' ಪಠ್ಯಪುಸ್ತಕಗಳಲ್ಲಿ ಉಳಿದಿದೆ. ಜಪಾನಿ ಭಾಷೆಯಲ್ಲಾದರೋ ಕಡಲಿನ ಪಾಚಿಗಳು ಕಳೆಗಳಲ್ಲ. ತಿನ್ನುವುದಕ್ಕೆ, ಸಾರಿಗೆ, ಮದ್ದಿಗೆ ಒದಗುವ ಪ್ರತಿಯೊಂದಕ್ಕೂ ಅಲ್ಲಿ ಪ್ರತ್ಯೇಕ ಹೆಸರುಗಳಿವೆ.

ಪ್ರಸ್ತುತ ಪಾಚಿಗೆ ಸಸ್ಯವಿಜ್ಞಾನ ಇಟ್ಟ ಹೆಸರು 'ಡೈಜೀನಿಯ ಸಿಂಪ್ಲೆಕ್ಸ್'. ಜಪಾನಿನಲ್ಲಿ ಅದರ ಬಳಕೆಯ ಹೆಸರು 'ಮಕುರಿ'. ಬರಹದಲ್ಲಿ ಇದನ್ನು ಮೂರು ಚೀನೀ ಅಕ್ಷರಗಳಿಂದ ಸೂಚಿಸುತ್ತಾರೆ; ಅವುಗಳನ್ನು ಅಕ್ಷರಕ್ಕೆ ತಕ್ಕಂತೆ ಓದಿದರೆ 'ಕೈನಿನ್‌ಸೋ' ಎಂದಾಗುತ್ತದೆ. 'ಕೈ' ಎಂದರೆ ಕಡಲು, 'ನಿನ್' ಎಂದರೆ ಮನುಷ್ಯ, 'ಸೋ' ಎಂದರೆ ಹುಲ್ಲು ಅಥವಾ ಸೊಪ್ಪು. ಮೊದಲ ಎರಡು ಅಕ್ಷರಗಳು ಒಟ್ಟಾಗಿ ಬಂದಾಗ 'ಅಮ' ಎಂಬ ಇನ್ನೊಂದು ಓದೂ ಇದೆ. ಮೀನು ಹಿಡಿದು, ಕಡಲಿನಲ್ಲಿ ಮುಳುಗಿ ಚಿಪ್ಪು ಪಾಚಿಗಳನ್ನು ತೆಗೆದು ಬದುಕುವ ಜನ ಎಂದು ಅದರ ಅರ್ಥ. ಆದ್ದರಿಂದ ಹೆಸರಿನ ಒಟ್ಟು ಭಾವವನ್ನು 'ಕಡಲಿಗರ ಸೊಪ್ಪು' ಎಂದು ತಿಳಿದರೆ ತಪ್ಪಾಗಲಾರದು. ಯುರೋಪಿನ ಭಾಷೆಗಳನ್ನು ಬಲ್ಲ ಓದುಗನಿಗೆ 'ಕೈನಿಕ್' ಎಂದೊಡನೆ ಹೊಸತು ಎಂಬರ್ಥದ ಗ್ರೀಕ್ ಪದ 'ಕೈನೋಸ್' ನೆನಪಾಗುತ್ತದೆ. ಕನ್ನಡದವನಿಗೆ ತನ್ನ ಕೈಯೇ ನೆನಪಾದೀತು. ಎರಡಕ್ಕೂ ಇಲ್ಲಿ ಸಂಬಂಧವಿಲ್ಲ.

ಜಂತುಹುಳು ಈಗ ಮಾತ್ರೆಯೊಂದರಿಂದ ನೀಗುವ ಸಣ್ಣ ತೊಂದರೆಯೆಂದು ತೋರುತ್ತದೆ. ಭಾರತದಲ್ಲಿ 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆ ಅಂಗನವಾಡಿಗಳಲ್ಲಿ ಮಕ್ಕಳಿಗೆ ಅಲ್ಬೆಂಡಝೋಲ್ ಮಾತ್ರೆ ಕೊಡಲಾಗುತ್ತಿದೆ. ಆದರೆ ಹೊಲಗಳಿಗೆ ಮನುಷ್ಯನ ಮಲವನ್ನೇ ಗೊಬ್ಬರವಾಗಿ ಹಾಕುತ್ತಿದ್ದ ಜಪಾನಿನಲ್ಲಿ ಎರಡನೆಯ ಮಹಾಯುದ್ಧ ಮುಗಿದ ಕಾಲಕ್ಕೆ ಅರ್ಧಕ್ಕೂ ಹೆಚ್ಚು ಜನರ ಹೊಟ್ಟೆಯಲ್ಲಿ ಜಂತುಹುಳುಗಳಿದ್ದವು. ಹಸಿವು ಮೊದಲೇ ಕಾಡುತ್ತಿದ್ದ ಮಕ್ಕಳಿಗೆ ಅದು ಸಣ್ಣ ತೊಂದರೆಯಾಗಿರಲಿಲ್ಲ. ಶಾಲೆಗಳಲ್ಲಿ ಮಕುರಿಯ ಕಷಾಯ ಕಾಯಿಸಿ ಮಕ್ಕಳಿಗೆ ಕುಡಿಸುತ್ತಿದ್ದರು; ಅದರ ವಾಸನೆ ಆ ತಲೆಮಾರಿನವರ ನೆನಪಿನಲ್ಲಿ ಉಳಿದಿತ್ತು. ನಮ್ಮಲ್ಲಿ ಮುತ್ತುಗದ ಬೀಜ, ವಾಯುವಿಳಂಗಗಳು ಕ್ರಿಮಿಹರವೆಂದು ಆಯುರ್ವೇದದಲ್ಲಿ ಬಳಕೆಯಾದಂತೆ ಕರಾವಳಿ ದ್ವೀಪಗಳ ಆ ಜನರಿಗೆ ಕೈಗೆ ಸಿಕ್ಕಿದ್ದು ಕಡಲಿನ ಪಾಚಿ. ಇದೇ ಬಗೆಯ ತಿಳಿವಳಿಕೆ ಮೆಡಿಟರೇನಿಯನ್ ಸಮುದ್ರದ ಕೋರ್ಸಿಕಾ ದ್ವೀಪದಲ್ಲಿಯೂ ಸ್ವತಂತ್ರವಾಗಿ ಬೆಳೆದಿತ್ತು. ಅಲ್ಲಿಯವರು ಹುಳುವಿಗೆ ಮದ್ದಾಗಿ ಬಳಸುತ್ತಿದ್ದ ಕೆಂಪು ಪಾಚಿಗೆ ಸಸ್ಯವಿಜ್ಞಾನಿಗಳು 'ಹುಳುವಿನ ಸೊಪ್ಪು' ಎಂಬರ್ಥದ ಗ್ರೀಕ್ ಹೆಸರನ್ನು ಕೊಟ್ಟರು. ಆ ಪಾಚಿಯಲ್ಲಿಯೂ ಕೈನಿಕ್ ಆಮ್ಲವೇ ಇದೆ ಎಂಬುದು 1980ರ ದಶಕದಲ್ಲಿ ತಿಳಿದುಬಂದಿತು. ಎರಡು ಕಡಲುಗಳ ಜನ ಒಬ್ಬರನ್ನೊಬ್ಬರು ಅರಿಯದೆ ಒಂದೇ ವಸ್ತುವನ್ನು ಕಂಡುಕೊಂಡಿದ್ದರು. ಇಂಥ ಅರಿವನ್ನು 'ಮೂಢನಂಬಿಕೆ' ಎಂದು ತಳ್ಳಿಹಾಕುವುದು ಎಷ್ಟು ಸುಲಭವೋ, ಎಲ್ಲ ನಾಟಿಮದ್ದೂ ಹೀಗೆಯೇ ನಿಜವಾದೀತೆಂದು ನಂಬುವುದೂ ಅಷ್ಟೇ ಸುಲಭ. ಪರೀಕ್ಷೆಯೊಂದೇ ಇವೆರಡರ ನಡುವೆ ತೀರ್ಮಾನ ಹೇಳಬಲ್ಲದು.

ಆ ಪರೀಕ್ಷೆ ನಡೆದದ್ದು ಯುದ್ಧಾನಂತರದ ಜಪಾನಿನಲ್ಲಿ. 1953ರಲ್ಲಿ ಮುರಾಕಾಮಿ, ತಾಕೆಮೊತೊ ಮತ್ತು ಶಿಮಿಜು ಎಂಬ ವಿಜ್ಞಾನಿಗಳು ಮಕುರಿಯಿಂದ ಹುಳುಗಳನ್ನು ನಿಶ್ಚೇಷ್ಟಗೊಳಿಸುವ ಸತ್ತ್ವವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದುದನ್ನು ಪ್ರಕಟಿಸಿದರು. ಪಾಚಿಯ ಲ್ಯಾಟಿನ್ ಹೆಸರಿನಿಂದ 'ಡೈಜೆನಿಕ್ ಆಮ್ಲ' ಎಂದೂ, ಜಪಾನಿ ಹೆಸರಿನಿಂದ 'ಕೈನಿಕ್ ಆಮ್ಲ' ಎಂದೂ ಅದಕ್ಕೆ ಎರಡು ಹೆಸರುಗಳು ಚಲಾವಣೆಗೆ ಬಂದವು. ಉಳಿದದ್ದು ಎರಡನೆಯದು. ವಿಜ್ಞಾನದ ನಾಮಕರಣದಲ್ಲಿ ಲ್ಯಾಟಿನ್ನಿಗೆ ಎದುರಾಗಿ ಜನಬಳಕೆಯ ಹೆಸರು ಗೆಲ್ಲುವುದು ಸಾಮಾನ್ಯವಾಗಿ ಕಾಣುವ ಸಂಗತಿಯಲ್ಲವಾದ್ದರಿಂದ ಇದನ್ನು ಗಮನಿಸಬೇಕು. ಈ ಆಮ್ಲದ ಲವಣರೂಪವೇ ಕೈನೇಟ್.

ಇದರ ಅಣುವಿನಲ್ಲಿ 10 ಕಾರ್ಬನ್, 15 ಹೈಡ್ರೋಜನ್, 1 ನೈಟ್ರೋಜನ್, 4 ಆಕ್ಸಿಜನ್ ಪರಮಾಣುಗಳಿವೆ. ಈ ಲೆಕ್ಕಕ್ಕಿಂತ ಮುಖ್ಯವಾದುದು ಅವುಗಳ ಜೋಡಣೆ. ಅಣುವಿನ ಒಳಗೆ ಗ್ಲುಟಮಿಕ್ ಆಮ್ಲದ ಅಸ್ಥಿಪಂಜರ ಅಡಗಿದೆ. ಗ್ಲುಟಮಿಕ್ ಆಮ್ಲವು ಜೀವಿಗಳಲ್ಲೆಲ್ಲ ಹೇರಳವಾಗಿರುವ ಒಂದು ಅಮೈನೋ ಆಮ್ಲ; ಬೇಳೆಕಾಳು, ಗೋಧಿ, ಹಾಲು, ಮಾಂಸ ಎಲ್ಲದರಲ್ಲಿಯೂ ಇರುವಂಥದು. ಗ್ಲುಟಮೇಟ್ ಸಡಿಲವಾದ ಸರಪಣಿಯಂತೆ. ಹೇಗೆ ಬೇಕಾದರೂ ಹಾಗೆ ಹೊರಳಬಲ್ಲದು. ಕೈನಿಕ್ ಆಮ್ಲದಲ್ಲಿ ಅದೇ ಸರಪಣಿಯನ್ನು ಐದು ಪರಮಾಣುಗಳ ಒಂದು ಉಂಗುರಕ್ಕೆ ಬಿಗಿದು ಒಂದೇ ಭಂಗಿಯಲ್ಲಿ ನಿಲ್ಲಿಸಿದಂತಾಗಿದೆ. ಈ ಬಿಗಿತವೇ ಅದರ ಶಕ್ತಿ ಎಂಬುದು 1953ರಲ್ಲಿ ಯಾರಿಗೂ ತಿಳಿದಿರಲಿಲ್ಲ. ಏಕೆಂದರೆ ಗ್ಲುಟಮೇಟ್ ಮಿದುಳಿನಲ್ಲಿ ಏನು ಮಾಡುತ್ತದೆ ಎಂಬುದೇ ಆಗ ಸ್ಪಷ್ಟವಿರಲಿಲ್ಲ.

ಇಲ್ಲಿ ಇನ್ನೊಂದು ಪಾಚಿಯ ಪ್ರಸಂಗವನ್ನು ಹೇಳಬೇಕಾಗುತ್ತದೆ. 1908ರಲ್ಲಿ ಟೋಕಿಯೋದ ಕಿಕುನೆ ಇಕೆದಾ ಎಂಬ ರಸಾಯನ ವಿಜ್ಞಾನಿ 'ಕೊಂಬು' ಎಂಬ ಕಂದು ಪಾಚಿಯ ಸಾರಿಗೆ ರುಚಿ ಕೊಡುವ ವಸ್ತು ಗ್ಲುಟಮೇಟ್ ಎಂದು ಕಂಡುಹಿಡಿದರು. ಮರುವರ್ಷವೇ ಅದು 'ಅಜಿನೊಮೊಟೊ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು. ನಮ್ಮ ಊರುಗಳ ಗೋಬಿ ಮಂಚೂರಿ ಗಾಡಿಗಳಲ್ಲಿ 'ಟೇಸ್ಟಿಂಗ್ ಪೌಡರ್' ಎಂದು ಕರೆಸಿಕೊಳ್ಳುವುದು ಅದೇ ವಸ್ತು. ಮಿದುಳಿನ ವಿಚಾರಕ್ಕೆ ಬಂದರೆ, ಗ್ಲುಟಮೇಟನ್ನು ಮಿದುಳಿನ ಹೊರಪದರಕ್ಕೆ ಹಚ್ಚಿದರೆ ಪ್ರಾಣಿಗಳಲ್ಲಿ ಸೆಳೆತಗಳು ಹುಟ್ಟುತ್ತವೆ ಎಂದು ತಕಾಶಿ ಹಯಾಶಿ 1954ರ ತಮ್ಮ ಪ್ರಬಂಧದಲ್ಲಿ ತೋರಿಸಿದರು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಕರ್ಟಿಸ್, ಫಿಲಿಸ್ ಮತ್ತು ವಾಟ್ಕಿನ್ಸ್ ಇವರು 1959-60ರಲ್ಲಿ ಗ್ಲುಟಮೇಟು ಬೆನ್ನುಹುರಿಯ ನರಕೋಶಗಳನ್ನು ಉದ್ರೇಕಿಸುವುದನ್ನು ಅಳೆದು ತೋರಿಸಿದರು. ಆದರೂ ಅದು ನರಕೋಶಗಳ ನಡುವೆ ಸಂದೇಶ ಒಯ್ಯುವ ವಸ್ತುವಿರಬಹುದೆಂದು ನಂಬಲು ಅವರೇ ಹಿಂಜರಿದರು. ಎಲ್ಲೆಲ್ಲೂ ಇರುವ, ಊಟದಲ್ಲಿಯೂ ಇರುವ ಒಂದು ಸಾಮಾನ್ಯ ಅಮೈನೋ ಆಮ್ಲಕ್ಕೆ ಅಂಥ ವಿಶೇಷ ಕೆಲಸವಿರಲಾರದೆಂಬುದು ಆ ಕಾಲದ ಭಾವನೆ. ಮಿದುಳಿನಲ್ಲಿ ಉದ್ರೇಕದ ಸಂದೇಶವನ್ನು ಒಯ್ಯುವ ಮುಖ್ಯ ವಸ್ತು ಅದೇ ಎಂಬುದು ಸರ್ವಸಮ್ಮತವಾಗಲು ಮತ್ತೆ ಎರಡು ದಶಕಗಳೇ ಬೇಕಾದವು.

ಈ ತೀರ್ಮಾನದ ಕಡೆಗೆ ಸಾಗಿದ ದಾರಿಯಲ್ಲಿ ಮಕುರಿಯ ಸತ್ತ್ವಕ್ಕೆ ಪ್ರಮುಖ ಸ್ಥಾನವಿದೆ. 1970ರಲ್ಲಿ ಶಿನೋಜಾಕಿ ಮತ್ತು ಕೊನಿಶಿ ಎಂಬ ಜಪಾನಿ ಸಂಶೋಧಕರು ಜಂತುಹುಳುವಿನ ಮದ್ದುಗಳನ್ನು ಇಲಿಯ ಮಿದುಳಿನ ನರಕೋಶಗಳ ಮೇಲೆ ಪರೀಕ್ಷಿಸಿದಾಗ ಕೈನಿಕ್ ಆಮ್ಲವು ಗ್ಲುಟಮೇಟಿಗಿಂತ ಹಲವು ಪಟ್ಟು ತೀವ್ರವಾಗಿ ಅವುಗಳನ್ನು ಉದ್ರೇಕಿಸುವುದು ಕಂಡುಬಂದಿತು. ಗ್ಲುಟಮೇಟ್ ಬಿಡುಗಡೆಯಾದ ಕ್ಷಣಾರ್ಧದಲ್ಲಿ ಅದನ್ನು ಹೀರಿ ತೆಗೆಯುವ ವ್ಯವಸ್ಥೆ ಮಿದುಳಿನಲ್ಲಿದೆ. ಕೈನೇಟ್ ಆ ವ್ಯವಸ್ಥೆಯ ಹಿಡಿತಕ್ಕೆ ಸಿಕ್ಕುವುದಿಲ್ಲ. ಬಾಗಿಲು ತಟ್ಟಿ ಹೋಗಬೇಕಾದವನು ಬಾಗಿಲಲ್ಲಿಯೇ ನಿಂತುಬಿಟ್ಟಂತೆ.

ಅದರ ಪರಿಣಾಮವೇನೆಂಬುದನ್ನು ತೋರಿಸಿದವರು ಅಮೆರಿಕದ ಜಾನ್ ಓಲ್ನಿ. ಮರಿ ಇಲಿಗಳಿಗೆ ಗ್ಲುಟಮೇಟ್ ಚುಚ್ಚಿದರೆ ಮಿದುಳಿನ ಕೆಲವು ಭಾಗದ ಕೋಶಗಳು ಸಾಯುತ್ತವೆಂದು ಅವರು 1969ರಲ್ಲಿ ವರದಿ ಮಾಡಿದ್ದರು. (ಊಟದಲ್ಲಿ ಸೇರಿದ ಗ್ಲುಟಮೇಟಿನ ಬಹುಪಾಲು ಕರುಳಿನಲ್ಲಿಯೇ ವಿನಿಯೋಗವಾಗುವುದರಿಂದ ಆ ಪ್ರಯೋಗವನ್ನು ಅಡುಗೆಮನೆಗೆ ನೇರವಾಗಿ ಅನ್ವಯಿಸಲಾಗದು.) 1974ರಲ್ಲಿ ಓಲ್ನಿ ಮತ್ತು ಸಹೋದ್ಯೋಗಿಗಳು ಕೈನಿಕ್ ಆಮ್ಲವು ಇದೇ ಕೆಲಸವನ್ನು ಇನ್ನೂ ಪ್ರಬಲವಾಗಿ ಮಾಡುತ್ತದೆಂದು ತೋರಿಸಿದರು. ನರಕೋಶವನ್ನು ಅತಿಯಾಗಿ ಉದ್ರೇಕಿಸಿದರೆ ಆ ಉದ್ರೇಕವೇ ಅದನ್ನು ಕೊಲ್ಲುತ್ತದೆ ಎಂಬ ತತ್ತ್ವಕ್ಕೆ ಅವರು ಕೊಟ್ಟ ಹೆಸರನ್ನು ಕನ್ನಡದಲ್ಲಿ 'ಉದ್ರೇಕವಿಷತ್ವ' ಎನ್ನಬಹುದು. ಇಲ್ಲಿ ಅನುವಾದ ಸಲ್ಲುತ್ತದೆ. ಹೆಸರು ಒಂದು ವಿವರಣೆಯಾಗಿರುವುದರಿಂದ ವಿವರಣೆಯನ್ನು ತಂದರೆ ಹೆಸರೂ ಬಂದಂತೆ. ಪಾರ್ಶ್ವವಾಯುವಿನಲ್ಲಿ, ತಲೆಗೆ ಪೆಟ್ಟು ಬಿದ್ದಾಗ, ದೀರ್ಘಕಾಲದ ಸೆಳೆತಗಳಲ್ಲಿ ಮಿದುಳಿನ ಕೋಶಗಳು ಸಾಯುವುದರ ಹಿಂದೆ ಈ ತತ್ತ್ವವೂ ಇದೆಯೆಂದು ಆಮೇಲೆ ತಿಳಿಯಿತು.

ಅಲ್ಲಿಂದ ಮುಂದೆ ಹುಳುವಿನ ಮದ್ದು ಪ್ರಯೋಗಾಲಯದ ಉಪಕರಣವಾಯಿತು. ಸೂಜಿಯಿಂದ ಮಿದುಳಿನ ಒಂದು ನಿರ್ದಿಷ್ಟ ಸ್ಥಳಕ್ಕೆ ಬಿಟ್ಟ ಕೈನಿಕ್ ಆಮ್ಲ ಅಲ್ಲಿಯ ನರಕೋಶಗಳ ಒಡಲನ್ನು ನಾಶಮಾಡುತ್ತದೆ. ಬೇರೆಡೆಯಿಂದ ಹೊರಟು ಆ ಸ್ಥಳವನ್ನು ಹಾದುಹೋಗುವ ನರತಂತುಗಳನ್ನು ಬಹುಮಟ್ಟಿಗೆ ಉಳಿಸುತ್ತದೆ. ವಿದ್ಯುತ್ತಿನಿಂದಲೋ ಚಾಕುವಿನಿಂದಲೋ ಇಂಥ ಆಯ್ಕೆ ಸಾಧ್ಯವಿರಲಿಲ್ಲ. 1976ರಲ್ಲಿ ಕಾಯ್ಲ್ ಮತ್ತು ಶ್ವಾರ್ಕ್ಜ್ ಒಂದು ಕಡೆ, ಮೆಕ್‌ಗೀರ್ ದಂಪತಿಗಳು ಇನ್ನೊಂದು ಕಡೆ, ಇಲಿಯ ಮಿದುಳಿನಾಳದ ಸ್ಟ್ರೈಯೇಟಮ್ ಭಾಗಕ್ಕೆ ಇದನ್ನು ಚುಚ್ಚಿ ಹಂಟಿಂಗ್ಟನ್ ರೋಗದಲ್ಲಿ ಕಾಣುವಂಥ ಹಾನಿಯನ್ನು ಉಂಟುಮಾಡಿದರು. ವಂಶಪಾರಂಪರ್ಯವಾಗಿ ಬರುವ, ಅನಿಚ್ಛೆಯಿಂದ ಅಂಗಾಂಗಗಳು ಕುಣಿಯುವ ಆ ರೋಗವನ್ನು ಪ್ರಾಣಿಯಲ್ಲಿಟ್ಟು ಅಭ್ಯಸಿಸುವುದು ಮೊದಲ ಬಾರಿಗೆ ಸಾಧ್ಯವೆನಿಸಿತು. ರೋಗದ ಜೀನ್ 1993ರಲ್ಲಿ ದೊರೆತ ಮೇಲೆ ಈ ವಿಧಾನದ ಪ್ರಾಮುಖ್ಯ ಕುಗ್ಗಿತು. ಅಪಸ್ಮಾರದ ವಿಷಯದಲ್ಲಿ ಹಾಗಾಗಲಿಲ್ಲ. 1978ರಲ್ಲಿ ನ್ಯಾಡ್ಲರ್ ಮತ್ತಿತರರು ಕೈನಿಕ್ ಆಮ್ಲವು ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಕೆಲವು ಗೊತ್ತಾದ ಕೋಶಗಳನ್ನು ಹೆಕ್ಕಿ ಕೊಲ್ಲುತ್ತದೆಂದು ತೋರಿಸಿದರು. ಅದೇ ಕಾಲದಲ್ಲಿ ಫ್ರಾನ್ಸಿನ ಬೆನ್-ಆರಿ ಮತ್ತು ಸಂಗಡಿಗರು ಇದರಿಂದ ಹುಟ್ಟುವ ಸೆಳೆತಗಳು ಮನುಷ್ಯರ ಕಪೋಲ ಪಾಲಿಯ ಅಪಸ್ಮಾರವನ್ನು ಹೋಲುತ್ತವೆಂದು ಗುರುತಿಸಿದರು. ಇಲಿಯ ತೂಕದ ಕಿಲೋ ಒಂದಕ್ಕೆ ಸುಮಾರು 10 ಮಿಲಿಗ್ರಾಂ ಸಾಕು. ಮೊದಲು ಸೆಳೆತಗಳು, ಆಮೇಲೆ ಕೆಲವು ವಾರಗಳ ಮೌನ, ಅನಂತರ ತಾನಾಗಿಯೇ ಮರುಕಳಿಸುವ ಅಪಸ್ಮಾರ. ಮನುಷ್ಯರಲ್ಲಿಯೂ ಮಿದುಳಿಗೆ ಒಮ್ಮೆ ಆದ ಹಾನಿ ವರ್ಷಗಳ ಮೌನದ ನಂತರ ರೋಗವಾಗಿ ತೋರುವುದುಂಟು. ಔಷಧಿಗೆ ಬಗ್ಗದ ಅಪಸ್ಮಾರವನ್ನು ಅರಿಯಲು ಈ ಮಾದರಿಯನ್ನು ಇಂದಿಗೂ ಬಳಸುತ್ತಾರೆ. ಇದರ ಬೆಲೆಯನ್ನು ತೆರುವುದು ಪ್ರಯೋಗಾಲಯದ ಇಲಿಗಳು ಎಂಬುದನ್ನೂ ಮರೆಯುವಂತಿಲ್ಲ.

ಇನ್ನು ಗ್ರಾಹಿಯ ನಾಮಕರಣ. 'ಗ್ರಾಹಕ' ಎಂಬ ಪದ ಕನ್ನಡದಲ್ಲಿ ಅಂಗಡಿಯ ಗಿರಾಕಿಯನ್ನು ನೆನಪಿಗೆ ತರುವುದರಿಂದ 'ಗ್ರಾಹಿ' ಎಂಬುದೇ ಲೇಸು. ನರಕೋಶದ ಮೇಲೆ ಕುಳಿತು ಹೊರಗಿನ ರಾಸಾಯನಿಕ ಸಂದೇಶವನ್ನು ಹಿಡಿಯುವ ಪ್ರೋಟೀನು ಅದು. ಗ್ಲುಟಮೇಟಿಗೆ ಒಂದೇ ಬಗೆಯ ಗ್ರಾಹಿಯಿಲ್ಲ, ಹಲವು ಬಗೆಗಳಿವೆ ಎಂಬ ಅನುಮಾನ 1970ರ ದಶಕದಲ್ಲಿ ಬಲವಾಯಿತು. ಆದರೆ ಎಲ್ಲವನ್ನೂ ಗ್ಲುಟಮೇಟೇ ತೆರೆಯುವುದಾದರೆ ಅವುಗಳನ್ನು ಬೇರೆಬೇರೆಯಾಗಿ ಗುರುತಿಸುವುದು ಹೇಗೆ? ವಾಟ್ಕಿನ್ಸ್ ಮತ್ತು ಸಂಗಡಿಗರು ಅನುಸರಿಸಿದ ಉಪಾಯವೆಂದರೆ ಹೊರಗಿನ ವಸ್ತುಗಳನ್ನು ಬಳಸುವುದು. ಒಂದೊಂದು ಬಗೆಗೆ ಒಂದೊಂದು ಅನ್ಯ ವಸ್ತು ಹೆಚ್ಚು ಒಪ್ಪುತ್ತದೆ. ಆ ವಸ್ತುವಿನ ಹೆಸರನ್ನೇ ಗ್ರಾಹಿಗೆ ಇಟ್ಟರಾಯಿತು. 1981ರ ವೇಳೆಗೆ ಮೂರು ಹೆಸರುಗಳು ನೆಲೆನಿಂತವು. ಒಂದು, ವಾಟ್ಕಿನ್ಸ್ ಸ್ವತಃ ಪ್ರಯೋಗಾಲಯದಲ್ಲಿ ತಯಾರಿಸಿದ್ದ ಎನ್ಎಂಡಿಎ ಎಂಬ ವಸ್ತುವಿನದು. ಇನ್ನೊಂದು ಕೈನೇಟಿನದು. ಮೂರನೆಯದು ಕ್ವಿಸ್‌ಕ್ವಾಲೇಟ್ ಎಂಬುದರದು.

ಈ ಮೂರನೆಯ ಹೆಸರು ಪದಚರಿತ್ರೆಯ ಅಭ್ಯಾಸಿಗಳಿಗೆ ರುಚಿಸುವಂಥದು. ಅದರ ಮೂಲ ಕರ್ನಾಟಕದ ಮನೆಗಳ ಕಾಂಪೌಂಡಿನ ಮೇಲೆಯೂ ಹಬ್ಬುವ ರಂಗೂನ್ ಬಳ್ಳಿ. ಸಂಜೆ ಬಿಳಿಯಾಗಿ ಅರಳಿ, ಮರುದಿನ ಗುಲಾಬಿಯಾಗಿ, ಆಮೇಲೆ ಕೆಂಪಾಗುವ ಹೂಗೊಂಚಲುಗಳ ಬಳ್ಳಿಯಿದು. ಇದರ ಬೀಜವೂ ಚೀನೀ ವೈದ್ಯದಲ್ಲಿ ಜಂತುಹುಳುವಿನ ಮದ್ದೇ. ಮಕುರಿಯನ್ನು ಶೋಧಿಸಿದ ಅದೇ ತಾಕೆಮೊತೊ ಮತ್ತು ಸಹೋದ್ಯೋಗಿಗಳು 1975ರಲ್ಲಿ ಈ ಬೀಜದಿಂದ ಕ್ವಿಸ್‌ಕ್ವಾಲಿಕ್ ಆಮ್ಲವನ್ನು ತೆಗೆದರು. ಬಳ್ಳಿಯ ಹಳೆಯ ಲ್ಯಾಟಿನ್ ಹೆಸರು 'ಕ್ವಿಸ್‌ಕ್ವಾಲಿಸ್', ಅಂದರೆ 'ಯಾರು? ಎಂಥದು?'. ಹದಿನೇಳನೆಯ ಶತಮಾನದಲ್ಲಿ ಅಂಬೋಯ್ನಾ ದ್ವೀಪದಲ್ಲಿದ್ದ ಸಸ್ಯವಿಜ್ಞಾನಿ ರಂಫಿಯಸ್, ಬಳ್ಳಿಯ ಮಲಯ ಹೆಸರಾದ 'ಉದಾನಿ'ಯಲ್ಲಿ 'ಹೇಗೆ, ಎಂಥದು' ಎಂಬರ್ಥದ ಡಚ್ ಪದದ ಧ್ವನಿಯನ್ನು ಕೇಳಿ ಅದನ್ನು ಲ್ಯಾಟಿನ್ನಿಗೆ ತಿರುಗಿಸಿದರಂತೆ. ಹೀಗೆ ಒಂದು ಮಲಯ ಹೆಸರು ಕಿವಿಯ ಆಟದಿಂದ ಪ್ರಶ್ನೆಯಾಗಿ, ಪ್ರಶ್ನೆಯು ಸಸ್ಯದ ಹೆಸರಾಗಿ, ಸಸ್ಯದ ಹೆಸರು ಆಮ್ಲದ ಹೆಸರಾಗಿ, ಕಡೆಗೆ ಮಿದುಳಿನ ಗ್ರಾಹಿಯ ಹೆಸರಾಯಿತು. ಬಹಳ ಕಾಲ ಅದು ಉಳಿಯಲಿಲ್ಲ. ಕ್ವಿಸ್‌ಕ್ವಾಲೇಟ್ ಬೇರೆ ಜಾತಿಯ ಗ್ರಾಹಿಗಳನ್ನೂ ಕೆಣಕುತ್ತದೆಂದು ತಿಳಿದ ಮೇಲೆ ಎಎಂಪಿಎ ಎಂಬ ಕೃತಕ ವಸ್ತುವಿನ ಹೆಸರು ಅದರ ಸ್ಥಾನಕ್ಕೆ ಬಂದಿತು. ಬಳ್ಳಿಯ ಹೆಸರನ್ನು ಅನುವಾದಿಸಿದವನಿಂದ ಮೂಲ ಮಲಯ ಪದ ಕಳೆದುಹೋಯಿತು. ಪಾಚಿಯ ಹೆಸರನ್ನು ಅನುವಾದಿಸದೆ ಬಿಟ್ಟವರಿಂದ ಜಪಾನಿ ಪದ ಉಳಿಯಿತು. 'ಕೈನೇಟ್' ಎಂಬುದನ್ನು ಕನ್ನಡದಲ್ಲಿ ಹಾಗೆಯೇ ಇಟ್ಟುಕೊಳ್ಳುವುದು ಸೋಮಾರಿತನವಲ್ಲ ಎನ್ನುವುದಕ್ಕೆ ಇಷ್ಟು ಸಾಕು. 'ಪಾಚಿಯಾಮ್ಲ' ಎಂದೊಬ್ಬರು ಟಂಕಿಸಿದರೆ ಅರ್ಥವೂ ಸ್ಪಷ್ಟವಾಗದು, ಕಡಲಿಗರ ಕೊನೆಯ ಗುರುತೂ ಅಳಿದುಹೋಗುತ್ತದೆ.

ಹೆಸರು ಉಳಿದರೂ ಅದು ಸಂಶೋಧಕರನ್ನು ದಾರಿ ತಪ್ಪಿಸಿದ್ದುಂಟು. ಕೈನೇಟ್ ತನ್ನ ಹೆಸರಿನ ಗ್ರಾಹಿಯನ್ನಷ್ಟೇ ಅಲ್ಲದೆ ಎಎಂಪಿಎ ಗ್ರಾಹಿಯನ್ನೂ ತೆರೆಯುತ್ತದೆ. ಗ್ಲುಟಮೇಟ್ ಗ್ರಾಹಿಯ ಮೊದಲ ಜೀನನ್ನು 1989ರಲ್ಲಿ ಹಾಲ್‌ಮನ್, ಹೈನೆಮನ್ ಮತ್ತಿತರರು ಹುಡುಕಿ ತೆಗೆದದ್ದು ಕೈನೇಟಿಗೆ ಅದು ತೋರಿದ ಪ್ರತಿಕ್ರಿಯೆಯಿಂದ. ಆದರೆ ಸಿಕ್ಕಿದ್ದು ಕೈನೇಟ್ ಗ್ರಾಹಿಯಲ್ಲ, ಎಎಂಪಿಎ ಬಗೆಯದು. ನಿಜವಾದ ಕೈನೇಟ್ ಗ್ರಾಹಿಗಳು ನರಕೋಶಗಳಲ್ಲಿ ಸ್ವತಂತ್ರವಾಗಿ ಕೆಲಸಮಾಡುತ್ತವೆಯೇ ಎಂಬ ಸಂದೇಹವೇ ಬಹುಕಾಲ ಇತ್ತು. 1993ರಲ್ಲಿ ಸ್ಪೇನಿನ ಲೆರ್ಮಾ ಮತ್ತು ಸಂಗಡಿಗರು ಹಿಪೊಕ್ಯಾಂಪಸಿನ ಕೋಶಗಳಲ್ಲಿ ಅವುಗಳ ವಿದ್ಯುತ್ಪ್ರವಾಹವನ್ನು ಬೇರ್ಪಡಿಸಿ ತೋರಿಸಿದರು. 1997ರಲ್ಲಿ, ಎಎಂಪಿಎ ಗ್ರಾಹಿಗಳನ್ನು ಮಾತ್ರ ತಡೆಯುವ ಔಷಧಗಳ ನೆರವಿನಿಂದ, ಎರಡು ಗುಂಪುಗಳು ನರಕೋಶಗಳ ಸಂಧಿಯಲ್ಲಿ ಗ್ಲುಟಮೇಟೇ ಅವುಗಳನ್ನು ತೆರೆಯುವುದನ್ನು ದಾಖಲಿಸಿದವು. 1998ರಲ್ಲಿ ಈ ಗ್ರಾಹಿಯ ಒಂದು ಜೀನ್ ಇಲ್ಲದ ಇಲಿಗಳನ್ನು ಪಡೆದಾಗ ಅವು ಕೈನಿಕ್ ಆಮ್ಲದ ಸೆಳೆತಗಳಿಗೆ ಸುಲಭವಾಗಿ ಒಳಗಾಗಲಿಲ್ಲ. ಪಾಚಿಯ ಸತ್ತ್ವ ಮಿದುಳಿನಲ್ಲಿ ತಟ್ಟುತ್ತಿದ್ದ ಬಾಗಿಲು ಯಾವುದೆಂಬುದು ಹೀಗೆ ಖಚಿತವಾಯಿತು. ಇಷ್ಟಾದರೂ ಆ ಬಾಗಿಲಿನ ನಿಜವಾದ ಒಡೆಯ ಗ್ಲುಟಮೇಟ್. ಹೆಸರು ಮಾತ್ರ ಅತಿಥಿಯದು. ಶರೀರದ ಇತರ ಗ್ರಾಹಿಗಳದೂ ಇದೇ ಕಥೆ. ತಂಬಾಕಿನಿಂದ ನಿಕೋಟಿನಿಕ್, ನಾಯಿಕೊಡೆಯಿಂದ ಮಸ್ಕರಿನಿಕ್, ಅಫೀಮಿನಿಂದ ಓಪಿಯಾಯ್ಡ್, ಗಾಂಜಾದಿಂದ ಕ್ಯಾನಬಿನಾಯ್ಡ್. ಮಿದುಳಿನ ನಕ್ಷೆಯನ್ನು ಓದಿದರೆ ನಾಟಿವೈದ್ಯನ ಚೀಲವನ್ನು ತೆರೆದಂತಿದೆ.

ಮಕುರಿಗೆ ಒಬ್ಬ ಬಂಧುವಿದೆ. ಜಪಾನಿನ ದಕ್ಷಿಣದ ತೊಕುನೊಶಿಮಾ ದ್ವೀಪದವರು ಇನ್ನೊಂದು ಕೆಂಪು ಪಾಚಿಯನ್ನು 'ದೊಮೊಯ್' ಎಂದು ಕರೆದು ಅದನ್ನೂ ಹುಳುವಿಗೆ ಮದ್ದು ಮಾಡುತ್ತಿದ್ದರು. ತಾಕೆಮೊತೊ ಮತ್ತು ದೈಗೊ 1958ರಲ್ಲಿ ಅದರಿಂದ ತೆಗೆದ ಸತ್ತ್ವಕ್ಕೆ 'ದೊಮೊಯಿಕ್ ಆಮ್ಲ' ಎಂಬ ಹೆಸರಾಯಿತು. ರಚನೆಯಲ್ಲಿ ಕೈನಿಕ್ ಆಮ್ಲದ ತಮ್ಮನಂತಿರುವ ಇದನ್ನು 20 ಮಿಲಿಗ್ರಾಂ ಪ್ರಮಾಣದಲ್ಲಿ ಕೊಟ್ಟಾಗ ರೋಗಿಗಳಿಗೆ ತೊಂದರೆಯೇನೂ ಕಂಡುಬರಲಿಲ್ಲ. ಮೂರು ದಶಕಗಳ ಕಾಲ ಇದು ರಸಾಯನ ವಿಜ್ಞಾನಿಗಳಿಗಷ್ಟೇ ಗೊತ್ತಿದ್ದ ವಸ್ತುವಾಗಿತ್ತು.

1987ರ ನವೆಂಬರ್ ಡಿಸೆಂಬರ್ ತಿಂಗಳುಗಳಲ್ಲಿ ಕೆನಡಾದಲ್ಲಿ ನೀಲಿಕಲ್ಲು ಎಂದು ನಮ್ಮ ಕರಾವಳಿಯಲ್ಲಿ ಕರೆಯುವ ಚಿಪ್ಪುಜೀವಿಯ ಜಾತಿಗೆ ಸೇರಿದ ಮಸಲ್‌ಗಳನ್ನು ತಿಂದವರು ಕಾಯಿಲೆ ಬಿದ್ದರು. ಅವು ಪ್ರಿನ್ಸ್ ಎಡ್ವರ್ಡ್ ದ್ವೀಪದ ಪೂರ್ವಭಾಗದಲ್ಲಿ ಸಾಕಿದವು. ಮೊದಲು ವಾಂತಿ ಭೇದಿ, ಆಮೇಲೆ ಸಹಿಸಲಾಗದ ತಲೆನೋವು, ಕೆಲವರಿಗೆ ಸೆಳೆತ, ಪ್ರಜ್ಞಾಹೀನತೆ. 1990ರಲ್ಲಿ ಪ್ರಕಟವಾದ ವೈದ್ಯಕೀಯ ವರದಿಯು 107 ರೋಗಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿತು; ಅವರಲ್ಲಿ 3 ಮಂದಿ ತೀರಿಕೊಂಡಿದ್ದರು. ನಾಲ್ವರಲ್ಲಿ ಒಬ್ಬರಷ್ಟು ರೋಗಿಗಳಿಗೆ ಈಚಿನ ನೆನಪು ಅಳಿದಿತ್ತು. ತೀವ್ರವಾಗಿ ಬಾಧಿತರಾದ ಕೆಲವರಿಗೆ ಹಳೆಯ ಬದುಕು ನೆನಪಿತ್ತು, ಮಾತು ಬುದ್ಧಿಗಳು ಸರಿಯಾಗಿದ್ದವು. ಹೊಸದಾಗಿ ಕಂಡದ್ದು ಕೇಳಿದ್ದು ಮಾತ್ರ ಮನಸ್ಸಿನಲ್ಲಿ ನಿಲ್ಲುತ್ತಿರಲಿಲ್ಲ. ಹ್ಯಾಲಿಫ್ಯಾಕ್ಸಿನ ವಿಜ್ಞಾನಿಗಳು ಕೆಲವೇ ದಿನಗಳ ಹಗಲಿರುಳು ದುಡಿಮೆಯಿಂದ ವಿಷ ಯಾವುದೆಂದು ಗುರುತಿಸಿದರು. ಅದು ದೊಮೊಯಿಕ್ ಆಮ್ಲ. ಆದರೆ ಅದು ಬಂದದ್ದು ಕೆಂಪು ಪಾಚಿಯಿಂದಲ್ಲ. ಮಸಲ್‌ಗಳು ನೀರಿನಿಂದ ಸೋಸಿ ತಿಂದಿದ್ದ ಡಯಾಟಮ್ ಎಂಬ ಸೂಕ್ಷ್ಮ ಏಕಕೋಶ ಶೈವಲಗಳು ಅದನ್ನು ತಯಾರಿಸಿದ್ದವು. ಮೃತರ ಮಿದುಳನ್ನು ಪರೀಕ್ಷಿಸಿದಾಗ ಹಾನಿ ಕಂಡದ್ದು ಹಿಪೊಕ್ಯಾಂಪಸಿನಲ್ಲಿ ಮತ್ತು ಅದರ ನೆರೆಯ ಅಮಿಗ್ಡಲದಲ್ಲಿ. ಹತ್ತು ವರ್ಷಗಳಿಂದ ಇಲಿಗಳಲ್ಲಿ ಕಾಣುತ್ತಿದ್ದುದು ಮನುಷ್ಯರಲ್ಲಿ ಕಂಡಿತ್ತು. ಚೇತರಿಸಿಕೊಂಡ ವೃದ್ಧರೊಬ್ಬರಿಗೆ ಒಂದು ವರ್ಷದ ಮೌನದ ನಂತರ ಕಪೋಲ ಪಾಲಿಯ ಅಪಸ್ಮಾರ ಕಾಣಿಸಿಕೊಂಡದ್ದು 1995ರಲ್ಲಿ ವರದಿಯಾಯಿತು. ಉದ್ರೇಕವಿಷತ್ವವೆಂಬುದು ಪ್ರಯೋಗಾಲಯದ ಕಲ್ಪನೆಯಷ್ಟೇ ಅಲ್ಲವೆಂಬುದಕ್ಕೆ ಇಂಥ ಪುರಾವೆಯನ್ನು ಯಾರೂ ಬಯಸಿರಲಾರರು. ಚಿಪ್ಪುಜೀವಿಯ ಮಾಂಸದ ಪ್ರತಿ ಗ್ರಾಮಿಗೆ 20 ಮೈಕ್ರೋಗ್ರಾಮಿಗಿಂತ ಹೆಚ್ಚು ವಿಷವಿದ್ದರೆ ಮಾರಕೂಡದೆಂಬ ಮಿತಿಯನ್ನು ಕೆನಡಾ ವಿಧಿಸಿತು. ಅನೇಕ ದೇಶಗಳು ಅದನ್ನೇ ಅನುಸರಿಸಿದವು. 1998ರಲ್ಲಿ ಕ್ಯಾಲಿಫೋರ್ನಿಯಾದ ತೀರದಲ್ಲಿ 400ಕ್ಕೂ ಹೆಚ್ಚು ಕಡಲಸಿಂಹಗಳು ಸತ್ತದ್ದೂ ಇದೇ ವಿಷದಿಂದ.

ಒಂದು ಕಡೆ ಕಡಲು ಬೇಡದ ಆಮ್ಲವನ್ನು ಸುರಿಯುತ್ತಿದ್ದರೆ, ಇನ್ನೊಂದು ಕಡೆ ಬೇಕಾದ ಆಮ್ಲದ ಕೊರತೆ ತಲೆದೋರಿತು. ಜಂತುಹುಳುವಿಗೆ ಬೇರೆ ಮಾತ್ರೆಗಳು ಬಂದ ಕಾಲದಲ್ಲಿ ಮಕುರಿಯಿಂದ ಸತ್ತ್ವ ತೆಗೆಯುವ ಉದ್ಯಮಕ್ಕೆ ಉಳಿದ ಗಿರಾಕಿಗಳು ನರವಿಜ್ಞಾನಿಗಳು ಮಾತ್ರ. 2000ದ ಹೊತ್ತಿಗೆ ಪೂರೈಕೆ ಕುಸಿದು, ಬೆಲೆ ಏರಿ, ಪ್ರಯೋಗಗಳು ಅಡ್ಡಿಗೊಳಗಾದವು. ಪಾಚಿಯ ಬದಲು ರಸಾಯನಶಾಲೆಯಲ್ಲಿ ತಯಾರಿಸಬಹುದಲ್ಲವೇ ಎಂದರೆ, ಅಷ್ಟು ಸಣ್ಣ ಅಣುವಿನಲ್ಲಿ ಮೂರು ಕಾರ್ಬನ್ನುಗಳು ಅಕ್ಕಪಕ್ಕದಲ್ಲಿಯೇ ಎಡಬಲದ ಕಟ್ಟುನಿಟ್ಟನ್ನು ಬೇಡುತ್ತವೆ. ಒಂದು ತಿರುಗಿದರೂ ಗುಣ ಕೆಡುತ್ತದೆ. 1982ರಲ್ಲಿ ಓಪೋಲ್ಜರ್ ಮತ್ತು ಥಿರ್ರಿಂಗ್ ಸಹಜರೂಪದ ಕೈನಿಕ್ ಆಮ್ಲವನ್ನು ಮೊದಲ ಬಾರಿಗೆ ಸಂಶ್ಲೇಷಿಸಿದ್ದರು. ಆಮೇಲೆ ಹತ್ತಾರು ದಾರಿಗಳನ್ನು ಇತರರು ಕಂಡುಹಿಡಿದರು. ರಸಾಯನ ವಿಜ್ಞಾನಿಗಳಿಗೆ ಅದೊಂದು ಕೈಚಳಕದ ಪಂದ್ಯವೇ ಆಯಿತು. ಹಂತಗಳು ಮಾತ್ರ ಹಲವಾರು, ಖರ್ಚು ಅಧಿಕ.

ಪಾಚಿ ಇದನ್ನು ಹೇಗೆ ಮಾಡುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಈಚೆಗೆ. ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯ ಬ್ರಾಡ್ಲಿ ಮೂರ್ ಮತ್ತು ಸಹೋದ್ಯೋಗಿಗಳು 2018ರಲ್ಲಿ ಡಯಾಟಮಿನಲ್ಲಿ ದೊಮೊಯಿಕ್ ಆಮ್ಲವನ್ನು ಕಟ್ಟುವ ಜೀನುಗಳ ಗುಂಪನ್ನು ಗುರುತಿಸಿದರು. ಅದೇ ಜಾಡು ಹಿಡಿದು 2019ರಲ್ಲಿ ಮಕುರಿಯ ಜೀನುಗಳನ್ನೂ ಪತ್ತೆಹಚ್ಚಲಾಯಿತು. ರಸಾಯನಶಾಲೆಗಳು ಹಲವು ಹಂತಗಳಲ್ಲಿ ಮಾಡುತ್ತಿದ್ದ ಕೆಲಸವನ್ನು ಪಾಚಿ ಎರಡೇ ಕಿಣ್ವಗಳಿಂದ ಮುಗಿಸುತ್ತದೆ. ಮೊದಲನೆಯದು ಗ್ಲುಟಮೇಟಿನ ನೈಟ್ರೋಜನ್ನಿಗೆ ಐದು ಕಾರ್ಬನ್ನಿನ ಒಂದು ಬಾಲವನ್ನು ಜೋಡಿಸುತ್ತದೆ. ಎರಡನೆಯದು ಆ ಬಾಲವನ್ನು ಬಗ್ಗಿಸಿ ಉಂಗುರವಾಗಿ ಮುಚ್ಚುತ್ತದೆ. ಅಂದರೆ ಆರಂಭದ ಸಾಮಗ್ರಿ ಸ್ವತಃ ಗ್ಲುಟಮೇಟ್. ಎರಡನೆಯ ಕಿಣ್ವದ ಜೀನನ್ನು ಇ. ಕೋಲಿ ಬ್ಯಾಕ್ಟೀರಿಯಾದೊಳಗಿಟ್ಟು, ಅದಕ್ಕೆ ರಸಾಯನಶಾಲೆಯಲ್ಲಿ ಸುಲಭವಾಗಿ ಕಟ್ಟಿದ ನಡುವಣ ವಸ್ತುವನ್ನು ಉಣಿಸಿ, ಗ್ರಾಮುಗಳ ಲೆಕ್ಕದಲ್ಲಿ ಕೈನಿಕ್ ಆಮ್ಲವನ್ನು ಪಡೆಯಲಾಯಿತು. ಕರುಳಿನ ಹುಳುವಿನ ಮದ್ದನ್ನು ಈಗ ಕರುಳಿನಲ್ಲಿಯೇ ವಾಸಿಸುವ ಬ್ಯಾಕ್ಟೀರಿಯಾದ ಜಾತಿಯೊಂದು ತಯಾರಿಸಬಲ್ಲದು.

ಈ ಜೀನುಗಳಿಗೂ ಹೆಸರು ಬೇಕಾಯಿತು. ಮಕುರಿಯದಕ್ಕೆ 'ಕಬ್' ಎಂದೂ ಡಯಾಟಮಿನದಕ್ಕೆ 'ಡಬ್' ಎಂದೂ ಇಡಲಾಗಿದೆ. ಕೈನಿಕ್ ಆಮ್ಲದ ಜೈವಿಕ ಸಂಶ್ಲೇಷಣೆ, ದೊಮೊಯಿಕ್ ಆಮ್ಲದ ಜೈವಿಕ ಸಂಶ್ಲೇಷಣೆ ಎಂಬ ಇಂಗ್ಲಿಷ್ ಪದಪುಂಜಗಳ ಆದ್ಯಕ್ಷರಗಳು ಅವು. ಮೊದಲನೆಯದರಲ್ಲಿ ಕಡಲು ಎಂಬರ್ಥದ ಜಪಾನಿ ಪದದ ಮೊದಲ ಅಕ್ಷರವಿದೆ. ಎರಡನೆಯದರಲ್ಲಿ ತೊಕುನೊಶಿಮಾದವರು ತಮ್ಮ ಪಾಚಿಯನ್ನು ಕರೆಯುತ್ತಿದ್ದ ಮಾತಿನ ಮೊದಲ ವ್ಯಂಜನವಿದೆ.